ಒಂಬತ್ತು ಮತಗಳ ಗೆಲುವು

ವೇದಿಕೆಯ ಮೇಲಿರುವ ನೈರೋಬಿ ಕನ್ನಡ ಸಂಘದ ಅಧ್ಯಕ್ಷರಾದ ಡಾಕ್ಟರ್ ವಿನ್ಸೆಂಟ್ ಅವರೇ, ಮುಖ್ಯ ಅತಿಥಿಗಳಾದ ಪ್ರೊಫೆಸರ್ ಶೈಲಜಾ ಅವರೇ, ಲ್ಯಾವಿಂಗ್ಟನ್‌ನಿಂದ ಹೊರಟು ಟ್ರಾಫಿಕ್ ಗೆದ್ದು ಈಗಷ್ಟೇ ಒಳಗೆ ಬರುತ್ತಿರುವ ಮಹನೀಯರೇ, ಬಿಸಿಬೇಳೆಬಾತಿನ ಘಮ ಬಂದರೂ ಕುರ್ಚಿ ಬಿಟ್ಟು ಏಳದ ಸಹೃದಯ ಸಭಿಕರೇ,

ಇಂದಿನ ಸನ್ಮಾನಿತರ ಬಗ್ಗೆ ಐದು ನಿಮಿಷ ಮಾತನಾಡಿ ಎಂದು ವಿನ್ಸೆಂಟ್ ಅವರು ಫೋನ್ ಮಾಡಿದಾಗ, "ಡಾಕ್ಟ್ರೇ, ಮೂವತ್ತೊಂದು ವರ್ಷ ಸಂಸಾರ ಮಾಡಿದೀನಿ, ಐದು ನಿಮಿಷ ಹೇಗೆ ಸಾಕಾಗುತ್ತೆ?" ಅಂದೆ. "ಅದಕ್ಕೇ ಐದು ನಿಮಿಷ ಅಂದಿದ್ದು" ಅಂದರು.

ನಾನು ಉಮಾಶಂಕರ. ಎಂಬಕಸಿಯ ಮಾತ್ರೆ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಪ್ಯಾಕಿಂಗ್ ವಿಭಾಗ ನೋಡಿಕೊಂಡು ನಿವೃತ್ತನಾದವನು. ಸನ್ಮಾನಿತರು ಶ್ರೀಮತಿ ಮೈಥಿಲಿ ಅವರು, ಪಂಗಾನಿಯ ಶಾಲೆಯಲ್ಲಿ ಲೆಕ್ಕದ ಟೀಚರ್. ಮನೆಯಲ್ಲಿ ಅವರು ನನಗೆ ಏಕವಚನ, ವೇದಿಕೆಯಲ್ಲಿ ಬಹುವಚನ. ಮಾತಿನ ಭರದಲ್ಲಿ ಎಲ್ಲಾದರೂ ಅದಲುಬದಲಾದರೆ ಕ್ಷಮಿಸಬೇಕು.

ಚುನಾವಣೆಯಲ್ಲಿ ಗೆದ್ದವರಿಗೆ ಶಾಲು ಹೊದಿಸುವುದನ್ನು ನಾವೆಲ್ಲ ನೋಡಿದ್ದೇವೆ. ಸೋತವರಿಗೆ ಹೊದಿಸುವ ಸಂಘ ನಮ್ಮದಲ್ಲದೆ ಬೇರೆಲ್ಲಿದೆ? ಆದರೆ ಮೈಥಿಲಿ ಅವರು ಒಂದು ಚುನಾವಣೆ ಗೆದ್ದೇ ಇನ್ನೊಂದರಲ್ಲಿ ಸೋತವರು. ಭಾರತದಿಂದ ಹೊಸದಾಗಿ ಬಂದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿ ಕೌಂಟಿ ಅಸೆಂಬ್ಲಿ ಎಂಬುದಿದೆ. ಒಂದೊಂದು ವಾರ್ಡಿನಿಂದ ಒಬ್ಬೊಬ್ಬರು ಹೋಗುತ್ತಾರೆ. ಮೊದಲು ಏಪ್ರಿಲ್‌ನಲ್ಲಿ ಪಕ್ಷದೊಳಗೇ ಚುನಾವಣೆ. ಅದರಲ್ಲಿ ಗೆದ್ದವರಿಗೆ ಟಿಕೆಟ್. ಆಮೇಲೆ ಆಗಸ್ಟ್‌ನಲ್ಲಿ ಬೇರೆ ಪಕ್ಷಗಳ ಎದುರು ಸ್ಪರ್ಧೆ. ನಮ್ಮೂರಿನಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಇಲ್ಲಿ ಕೊಡುವವರು ಬಿಸಿಲಲ್ಲಿ ಕ್ಯೂ ನಿಂತ ಮನುಷ್ಯರು.

ಲೆಕ್ಕದ ಟೀಚರ್‌ಗೆ ಇದೆಲ್ಲ ಯಾಕೆ ಬೇಕಿತ್ತು? ನಾನೂ ಅದನ್ನೇ ಕೇಳಿದ್ದೆ. ಶಾಲೆಯ ಹಿಂದೆ, ಮಾರುಕಟ್ಟೆಯ ಪಕ್ಕದ ಹೊಳೆಗೆ ಒಂದು ಕಾಲುಸೇತುವೆ ಇತ್ತು. ಎರಡು ವರ್ಷದ ಹಿಂದೆ ಪ್ರವಾಹಕ್ಕೆ ಕೊಚ್ಚಿಹೋಯಿತು. ಮಕ್ಕಳು ದೊಡ್ಡ ರಸ್ತೆ ಸುತ್ತಿ ಬರಬೇಕಾಯಿತು. ಎಂಟನೇ ತರಗತಿಯ ಫೇತ್ ಎಂಬ ಹುಡುಗಿಗೆ ಬಾಡಿಗೆ ಬೈಕೊಂದು ಗುದ್ದಿ ತೊಡೆಯ ಮೂಳೆ ಮುರಿಯಿತು. ಮೈಥಿಲಿ ಆಸ್ಪತ್ರೆಯಲ್ಲಿ ಅವಳಿಗೆ ಭಿನ್ನರಾಶಿ ಹೇಳಿಕೊಟ್ಟಳು. ಸೇತುವೆಗಾಗಿ ಹನ್ನೊಂದು ಸಲ ಕೌಂಟಿ ಕಚೇರಿಗೆ ಅಲೆದಳು. ಹನ್ನೊಂದನೆಯ ಸಲ ಅಲ್ಲಿದ್ದ ಗುಮಾಸ್ತರು ಪಾಪ ಒಳ್ಳೆಯ ಮಾತೇ ಹೇಳಿದರು: "ಮ್ವಾಲಿಮು, ಇದನ್ನು ವಾರ್ಡಿನ ಸದಸ್ಯರು ಬಜೆಟ್‌ಗೆ ಸೇರಿಸಬೇಕು." ಮ್ವಾಲಿಮು ಅಂದರೆ ಟೀಚರ್. ಪಂಗಾನಿಯಲ್ಲಿ ಅವರ ಹೆಸರೇ ಅದು.

ಅವತ್ತು ಮನೆಗೆ ಬಂದವಳು ಚಪ್ಪಲಿ ಬಿಡುತ್ತಾ, "ರೀ, ನಾನು ಚುನಾವಣೆಗೆ ನಿಲ್ತೀನಿ" ಅಂದಳು.

"ಈ ವರ್ಷ ಮೈಸೂರಿಗೆ ಹೋಗಿ ಇರೋದು ಅಂತ ತೀರ್ಮಾನ ಆಗಿತ್ತಲ್ಲ?"

"ಸೇತುವೆ ಆಗ್ಲಿ. ಆಮೇಲೆ ಮೈಸೂರು."

ಮಗಳು ಜಾಹ್ನವಿ ಎಂದಿನಂತೆ ಇಂಗ್ಲಿಷಿನಲ್ಲಿ ಅಮ್ಮನನ್ನು ಹೊಗಳಿದಳು. ಮನೆಯಲ್ಲಿ ಎರಡು ಮತ ಆ ಕಡೆ, ಒಂದು ಈ ಕಡೆ. ನಾನು ಅಲ್ಲೇ ಸೋತಿದ್ದೆ.

ಪಕ್ಷದೊಳಗೆ ಅವರ ಎದುರಾಳಿ ಕಮಾವು ಅವರು. ಹಳಬರು, ಗಟ್ಟಿ ಕುಳ, ಮೂರು ಜೀಪು, ಆರು ಧ್ವನಿವರ್ಧಕ. ನಮ್ಮ ಕಡೆ ಏನಿತ್ತು? ಇಪ್ಪತ್ತನಾಲ್ಕು ವರ್ಷದಲ್ಲಿ ಅವರ ಕೈಯಲ್ಲಿ ಕಲಿತ ಹಳೇ ವಿದ್ಯಾರ್ಥಿಗಳಿದ್ದರು. ಟೈರ್ ಅಂಗಡಿಯವನು, ಕ್ಷೌರದವನು, ನರ್ಸು, ಮಟಾಟು ವ್ಯಾನು ಓಡಿಸುವವರು. "ನಂಗೆ ಲೆಕ್ಕದಲ್ಲಿ ಬರೀ ಹದಿನೆಂಟು ಬಂದಿತ್ತು, ಆದ್ರೂ ಮ್ವಾಲಿಮುಗೇ ವೋಟು" ಎಂದು ಒಬ್ಬ ಬೀದಿ ಬೀದಿಯಲ್ಲಿ ಕೂಗಿಕೊಂಡು ಹೋದ. ಅಂಥ ಪ್ರಚಾರ ಯಾವ ಪಕ್ಷಕ್ಕೆ ಸಿಕ್ಕೀತು ಹೇಳಿ?

ಏಪ್ರಿಲ್‌ನ ಆ ದಿನ ಶಾಲೆಯ ಮೈದಾನದಲ್ಲಿ ಹನುಮಂತನ ಬಾಲದಂಥ ಕ್ಯೂ. ಸಂಜೆ ಎಣಿಕೆ, ಮತ್ತೆ ಎಣಿಕೆ, ಮೂರನೇ ಸಲ ಎಣಿಕೆ. ಕೊನೆಗೆ ಗೆಲುವು. ಒಂಬತ್ತೇ ಮತಗಳಿಂದ! ಎಲ್ಲರೂ ಒಂಬತ್ತು, ಒಂಬತ್ತು ಎಂದು ಕುಣಿದರು. ನ್ಯಾಯವಾಗಿ ಅದು ಹನ್ನೊಂದು ಆಗಬೇಕಿತ್ತು.

ಅಂದರೆ... ಯಾರಾದರೂ ಸ್ವಲ್ಪ ನೀರು ಕೊಡುತ್ತೀರಾ?

ಲೆಕ್ಕದ ಟೀಚರ್ ಮೊದಲ ಸಾಲಿನಲ್ಲೇ ಕೂತಿರುವಾಗ ಈ ಮಾತು ಬಾಯಿಂದ ಬರಬಾರದಿತ್ತು. ಒಂದು ಮತ ಆ ಕಡೆಯಿಂದ ಈ ಕಡೆ ಬಂದರೆ ಅಂತರ ಎರಡು ಹೆಚ್ಚುತ್ತದೆ. ಅವರು ಆಗಲೇ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಾರೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸಭಿಕರೇ, ಅವತ್ತು ನಾನು ಕಮಾವು ಅವರಿಗೆ ಮತ ಹಾಕಿದೆ.

ನಗಬೇಡಿ. ನಗುವುದಾದರೂ ಸರಿ, ಪೂರ್ತಿ ಕೇಳಿ. ಕಮಾವು ಅವರ ಮೇಲೆ ನನಗೆ ಪ್ರೀತಿಯೇನೂ ಇರಲಿಲ್ಲ. ಮದುವೆಯಾದಾಗ ಇವಳು ಮೈಸೂರಿನ ಕಾಲೇಜಿನಲ್ಲಿ ಉಪನ್ಯಾಸಕಿ. ನನಗೆ ಇಲ್ಲಿ ಕೆಲಸ ಸಿಕ್ಕಿತು, ರಾಜೀನಾಮೆ ಬರೆದುಕೊಟ್ಟು ಬಂದಳು. ಇಲ್ಲಿಯ ಪೌರತ್ವ ತೆಗೆದುಕೊಳ್ಳೋಣ ಅಂದೆ, ಸಹಿ ಹಾಕಿದಳು. ಮೈಸೂರಿನಲ್ಲಿ ಮನೆ ತೆಗೆದುಕೊಂಡೆ, ಅದನ್ನೂ ಒಪ್ಪಿದಳು. ನಾನು ಕರೆದಲ್ಲಿಗೆಲ್ಲ ಬಂದವಳು ಮೊದಲ ಸಲ ಬರುವುದಿಲ್ಲ ಎಂದಾಗ, ನನಗೆ ಸಿಟ್ಟು ಬಂತೋ ಭಯವಾಯಿತೋ ಈಗಲೂ ತಿಳಿಯದು. ಮರೆಯಲ್ಲಿ ನಿಂತು ಪೆನ್ನು ಹಿಡಿದಾಗ, ಇವಳೊಮ್ಮೆ ಸೋತುಬಿಟ್ಟರೆ ಸಾಮಾನು ಕಟ್ಟಬಹುದು ಎಂದಷ್ಟೇ ತೋಚಿತು. ಹೊರಗೆ ಬಂದರೆ ಗೇಟಿನಲ್ಲಿ ಇವಳು. "ಟಿಫನ್ ತಿಂದ್ರಾ?" ಅಂದಳು. ವೋಟು ಯಾರಿಗೆ ಅಂತ ಕೇಳಲಿಲ್ಲ. ಕೇಳುವ ಪ್ರಶ್ನೆಯಾದರೂ ಏನು ಅದು?

ಸಂಜೆ ಎಲ್ಲರಿಗಿಂತ ಜೋರಾಗಿ ಕುಣಿದವನು ನಾನೇ. "ಗಂಡ ಅಂದ್ರೆ ಇವರು" ಎಂದು ನಮ್ಮ ರಾಯ್‌ಸ್ಟನ್ ವಿಡಿಯೊ ಮಾಡಿ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದ. ನೀವೆಲ್ಲ ಅದಕ್ಕೆ ಹೃದಯದ ಗುರುತು ಒತ್ತಿದಿರಿ.

ಮಾರನೆಯ ದಿನ ಧನ್ಯವಾದ ಹೇಳಲು ಮನೆಮನೆಗೆ ಹೋದೆವು. ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಅಚಿಯೆಂಗ್ ಎಂಬ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದರು. "ಕಮಾವುಗೇ ಹಾಕು ಅಂತ ನನ್ನ ಗಂಡ ರಾತ್ರಿಯೆಲ್ಲ ಜಗಳ ಆಡಿದ. ನಾನು ಮ್ವಾಲಿಮುಗೇ ಹಾಕಿದೆ. ಇವತ್ತು ಬೆಳಗ್ಗೆಯಿಂದ ಮಾತಾಡ್ತಿಲ್ಲ. ನಿಮ್ಮ ಮನೆ ಪುಣ್ಯದ ಮನೆ, ಅಂಥ ತಾಪತ್ರಯ ಇಲ್ಲ." ನಾನು "ಅಸಾಂಟೆ" ಎಂದು ಧನ್ಯವಾದ ಹೇಳಿ ಕೈಮುಗಿದೆ. ಎರಡು ಕಟ್ಟು ಸೊಪ್ಪು ಕೊಟ್ಟು ಕಳಿಸಿದರು. ಸಭಿಕರೇ, ಆ ರಾತ್ರಿ ಸೊಪ್ಪಿನ ಸಾರು ಬಿಟ್ಟು ಬರೀ ಮಜ್ಜಿಗೆ ಅನ್ನ ಉಂಡೆ.

ಅಲ್ಲಿಂದ ಆಗಸ್ಟ್‌ವರೆಗೆ ನಾನು ನಾನಾಗಿರಲಿಲ್ಲ. ಮೈಕು ಹಿಡಿದೆ. ಇಪ್ಪತ್ತಾರು ವರ್ಷ ಸರಿಯಾಗಿ ಕಲಿಯದ ಸ್ವಾಹಿಲಿಯನ್ನು ನಾಲ್ಕು ತಿಂಗಳಲ್ಲಿ ಕಲಿತೆ. ಒಂದು ಸಭೆಯಲ್ಲಿ "ಸೇತುವೆ ಕಟ್ಟುತ್ತೇವೆ" ಅನ್ನಲು ಹೋಗಿ "ಸೇತುವೆ ಕದಿಯುತ್ತೇವೆ" ಎಂದುಬಿಟ್ಟೆ. ಜನ ಆ ದಿನ ತಟ್ಟಿದಷ್ಟು ಚಪ್ಪಾಳೆ ಮತ್ತೆಂದೂ ತಟ್ಟಲಿಲ್ಲ.

ಆಗಸ್ಟ್‌ನಲ್ಲಿ ನಾನೂರ ಹನ್ನೆರಡು ಮತಗಳಿಂದ ಸೋತೆವು. ಮತಗಟ್ಟೆಗಳ ಬಾಗಿಲಿಗೆ ಅಂಟಿಸಿದ ಫಲಿತಾಂಶದ ಹಾಳೆಗಳನ್ನು ಇವಳು ಒಂದೊಂದಾಗಿ ಓದಿ, ಮನಸ್ಸಿನಲ್ಲೇ ಕೂಡಿ, "ಲೆಕ್ಕ ಸರಿಯಿದೆ, ನಡೀರಿ" ಅಂದಳು. ಮಟಾಟು ಹತ್ತಿದೆವು. ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಚಾಲಕ ಕನ್ನಡಿಯಲ್ಲಿ ನೋಡಿರಬೇಕು, ಹಾಡಿನ ಸದ್ದು ತಗ್ಗಿಸಿದ. ನೈರೋಬಿಯ ಮಟಾಟುವಿನಲ್ಲಿ ಹಾಡಿನ ಸದ್ದು ತಗ್ಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಒಂದು ವಾರ ಬಿಟ್ಟು ಸೇತುವೆಯ ಕಡತ ಹಿಡಿದು ಗೆದ್ದವರ ಮನೆಗೇ ಹೋದಳು. ಅವರು ಕೊನೆಯ ಪುಟ ಓದಿ ಮುಗಿಸುವವರೆಗೆ ಎದುರಿಗೆ ಕೂತೇ ಇದ್ದಳು. ಕಳೆದ ತಿಂಗಳು ಅಳತೆ ಮಾಡುವವರು ಬಂದು ಹೋಗಿದ್ದಾರೆ. ಕಟ್ಟುತ್ತಾರೋ ಇಲ್ಲವೋ ಹೇಳಲಾರೆ. ಪ್ರತಿ ಮಂಗಳವಾರ ಇವಳು ಕೇಳಲು ಹೋಗುತ್ತಾಳೆ. ಈಗೀಗ ನಾನೂ ಜೊತೆಗೆ ಹೋಗುತ್ತೇನೆ. ಮೈಸೂರಿನ ಮನೆಯ ಬಾಡಿಗೆದಾರರಿಗೆ ಇನ್ನೂ ಐದು ವರ್ಷ ಇರಿ ಎಂದು ಮೊನ್ನೆ ಬರೆದು ಕಳಿಸಿದೆ. ಅದನ್ನೂ ಇವಳು ಈಗಲೇ ಕೇಳುತ್ತಿರುವುದು.

ವಿನ್ಸೆಂಟ್ ಅವರು ಗಡಿಯಾರ ತೋರಿಸುತ್ತಿದ್ದಾರೆ. ಒಂದೇ ಮಾತು ಬಾಕಿ, ಅದು ಸಭೆಗಲ್ಲ.

ಮೈಥಿಲಿ, ಏಪ್ರಿಲ್‌ನಲ್ಲಿ ನಾನು ಹಾಕಿದ ಮತವನ್ನು ಇವತ್ತು ಇಷ್ಟು ಜನರ ಮುಂದೆ ಒಪ್ಪಿಕೊಂಡಿದ್ದೇನೆ. ಆಗಸ್ಟ್‌ನಲ್ಲಿ ನಿನಗೇ ಹಾಕಿದೆ. ಆದರೆ ಮತ ಗುಟ್ಟಿನದು, ಕಾಗದ ಮಡಚಿ ಪೆಟ್ಟಿಗೆಗೆ ಹಾಕಿದ ಮೇಲೆ ಅದರ ಮೇಲೆ ಯಾರ ಹೆಸರೂ ಇರುವುದಿಲ್ಲ. ತೋರಿಸಲು ನನ್ನ ಹತ್ತಿರ ಸಾಕ್ಷಿಯಿಲ್ಲ. ನೀನು ನಂಬಬೇಕು, ಅಷ್ಟೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ, ನೀರು ಕೊಟ್ಟ ಮಹನೀಯರಿಗೂ, ಶಾಲು ತಂದ ಸಂಘಕ್ಕೂ ನನ್ನ ಕೃತಜ್ಞತೆಗಳು. ನಮಸ್ಕಾರ.