ಸೋರದ ಪೈಪು

ಚಿಂತಾಮಣಿಯ ಹೊರಗೆ ನಾನು ದಿನವೂ ಬಸ್ಸಿಗೆ ಕಾಯುವ ಜಾಗದಲ್ಲಿ ಇವತ್ತು ಟೊಮೇಟೊ ತುಂಬಿದ ಲಾರಿಯೊಂದು ಕೆಟ್ಟು ನಿಂತಿತ್ತು. ಡ್ರೈವರನ ಕೈಗಳು ಮೊಣಕೈವರೆಗೂ ಡೀಸೆಲ್ಲಿನಲ್ಲಿ ನೆಂದಿದ್ದವು. ಬೈಕಿನಲ್ಲಿ ಬಂದ ಓನರ್ ಮೊದಲು ಬಗ್ಗಿ ಲಾರಿಯ ಕೆಳಗೆ ನೋಡಿದ.

“ಏನೋ ಬಾಷಾ, ಒಂದು ತೊಟ್ಟೂ ಸೋರಿಲ್ಲ. ಪೈಪ್ ಹೋಗಿದೆ ಅಂತೀಯ?”

“ಟ್ಯಾಂಕಿಂದ ಡೀಸೆಲ್ ಎಳೆಯೋ ಪೈಪು ಜಗನಣ್ಣ. ಅದು ಸೀಳಿದ್ರೆ ಸೋರಲ್ಲ, ಗಾಳಿ ಎಳ್ಕೊಳ್ಳುತ್ತೆ. ಹೋದ ತಿಂಗಳೇ ಹೇಳಿದ್ನಲ್ಲ? ಸೈಕಲ್ ಟ್ಯೂಬ್ ಸುತ್ತು ಅಂದ್ರಿ.”

“ಬೆಳಿಗ್ಗೆ ನೀನು ರಜ ಕೇಳ್ದೆ, ನಾನು ಕೊಡ್ಲಿಲ್ಲ. ಈಗ ಸರಿಯಾಗಿ ನಿಮ್ಮೂರ ಬಸ್ ನಿಲ್ಲೋ ಜಾಗದಲ್ಲೇ ಕೆಟ್ಟೋಯ್ತಾ?”

“ಅಮ್ಮ ತೀರ್ಕೊಂಡವ್ಳೆ ಅಣ್ಣ. ಆದ್ರೂ ಲೋಡ್ ಹತ್ತಿಸ್ಕೊಂಡು ಬಂದೆ.”

“ನಾಟಕ ಆಡ್ಬೇಡಪ್ಪ.”

ಬಾಷಾ ಫಿಲ್ಟರಿನ ಬೋಲ್ಟು ಸಡಿಲಿಸಿ ಕೈಪಂಪು ಒತ್ತಿದ. ಡೀಸೆಲ್ ಬರಲಿಲ್ಲ. ಒತ್ತಿದಷ್ಟೂ ಗಾಳಿ ಬೆರೆತ ನೊರೆಯೇ ಬಂತು.

“ನೋಡಿ. ಇದೂ ನಾಟಕಾನಾ?”

ಜಗನ್ ಟೊಮೇಟೊ ಲೋಡಿನ ಕಡೆ ನೋಡಿದ.

“ಸರಿ, ಹೊಸ ಪೈಪ್ ತರ್ತೀನಿ. ಹಾಕು, ಮಾರ್ಕೆಟ್ಟಲ್ಲಿ ಲೋಡ್ ಇಳಿಸು, ಆಮೇಲೆ ಹೋಗು.”

“ಮಧ್ಯಾಹ್ನದ ನಮಾಜ್ ಆದ್ಮೇಲೆ ಮಣ್ಣು ಮಾಡ್ತಾರೆ. ನನಗೋಸ್ಕರ ಕಾಯಲ್ಲ.”

ಅಷ್ಟರಲ್ಲಿ ಬಾಷಾನ ಊರಾದ ಮುರುಗಮಲ್ಲದ ಬಸ್ಸು ಬಂತು. ಬಾಷಾ ಲಾರಿಯ ಕೀಲಿಕೈಯನ್ನು ಬೈಕಿನ ಸೀಟಿನ ಮೇಲಿಟ್ಟ.

“ಹತ್ತಿದ್ರೆ ನಾಳೆಯಿಂದ ಬರ್ಬೇಡ!”

“ಬರಲ್ಲ ಬಿಡಿ. ಸೋರ್ತಾ ಇಲ್ವಲ್ಲ, ನೀವೇ ಓಡಿಸ್ಕೊಂಡು ಹೋಗಿ.”

ಬಸ್ಸು ಅವನನ್ನು ಹತ್ತಿಸಿಕೊಂಡು ಹೊರಟಿತು. ಜಗನ್ ಮತ್ತೊಮ್ಮೆ ಬಗ್ಗಿ ಲಾರಿಯ ಕೆಳಗೆ ನೋಡಿದ.