ವಿಳಂಬಕ್ಕೆ ಕಾರಣ

…ವಿಳಂಬ… ವಿಳಂಬ ಕ್ಷಮೆ? ಅಲ್ಲ ಮಾರಾಯ್ತಿ, ಶಾಂತಾರಾಮ ವಕೀಲರು ಬೇರೆ ಎಂತದೋ ಹೇಳಿದ್ದರು… ಹಾಂ, ಮನ್ನಾ! ವಿಳಂಬ ಮನ್ನಾ, ಅಪೀಲು ತಡವಾದದ್ದನ್ನು ಕೋರ್ಟು ಮನ್ನಿಸಲಿ ಅಂತ ಅರ್ಜಿ. ನಗಬೇಡ ದಿವ್ಯಾ. ನಿನ್ನಪ್ಪನ ನೌಕರಿಯ ಹಿಂದೆ ಈ ರಾಯಚೂರಿಗೆ ಬಂದೆನೆಂದು ಅಜ್ಜಿ ಕಲಿತವಳಾಗಲಿಲ್ಲ. ಭಟ್ಕಳ ಬಂದರದಲ್ಲಿ ಮೀನುಬುಟ್ಟಿ ಹೊತ್ತವಳು ನಾನು.

ಬರಿ. ಭಟ್ಕಳ ಕೋರ್ಟಿನಲ್ಲಿ ನಾನೂ ತಂಗಿ ತಿಮ್ಮಿಯೂ ಸೋತೆವು. ಅಪ್ಪನ ಜಾಗವೆಲ್ಲ ಅಣ್ಣ ದಾಸನದ್ದೇ ಅಂತ ತೀರ್ಪು. ನಕಲು ಕೈಗೆ ಬಂದ ಮೇಲೆ ಹೊನ್ನಾವರದಲ್ಲಿ ಅಪೀಲು ಹಾಕಲು ಮೂವತ್ತು ದಿನ. ಆ ಮೂವತ್ತು ದಿನವೂ ನನಗೆ ಕಾಮಾಲೆ… ಅಷ್ಟೇ. ಆತು.

ಎಂತ? ಡಾಕ್ಟರ ಚೀಟಿಯೇ? ನಾಟಿ ಮದ್ದಿಗೆ ಯಾರು ಚೀಟಿ ಕೊಡ್ತಾರೆ! ತಿಮ್ಮಿಯ ಗುಡಿಸಲು ಆ ಜಾಗದಲ್ಲೇ ಇದೆ, ಅವಳು ಮೀನು ಒಣಗಿಸುವುದೂ ಅಲ್ಲೇ. ತಡವಾದ ಅಪೀಲನ್ನು ಕೋರ್ಟು ತೆಗೆದುಕೊಳ್ಳದಿದ್ದರೆ ದಾಸ ಅವಳನ್ನು ಎಬ್ಬಿಸಿಯೇ ಎಬ್ಬಿಸುತ್ತಾನೆ. ಗಂಡನಿಲ್ಲ, ಮಕ್ಕಳಿಲ್ಲ… ಬರಿ, ಬರಿ.

ಪೆನ್ನು ಯಾಕೆ ಕೆಳಗಿಟ್ಟೆ? ಫೋನಿನಲ್ಲಿ ಎಂತ ತೋರಿಸ್ತೀಯೆ? …ವಿನೋದ ಹಾಕಿದ ಫೋಟೊವೋ. ದಾಸನ ಮಗನಿಗೆ ಬೇರೆ ಕೆಲಸವಿಲ್ಲ! ಹೌದು, ಕುಮಟೆಯ ಅವರ ಮನೆಯೇ. ಹೌದು, ಹೊಸ ಸೀರೆ. …ತಾರೀಖೂ ಇದೆಯೇ? ಆ ಮೂವತ್ತು ದಿನದ ಒಳಗಿನದೇ?

ಹಾಗೆ ನೋಡಬೇಡ. ಹದಿನಾಲ್ಕು ವರ್ಷ ನನ್ನ ಹೆಸರೆತ್ತದ ಅಣ್ಣ, ನಕಲು ಬಂದ ನಾಲ್ಕನೇ ದಿನ ಇಲ್ಲಿಯತನಕ ಬಂದ. "ತವರಿಗೆ ಬಾ ತಂಗಿ, ಉಡಿ ತುಂಬಿಸಿ ಕಳಿಸ್ತೇನೆ. ಅಪೀಲು ಗಿಪೀಲು ಎಂತಕ್ಕೆ?" ಹೋದೆ! ಅತ್ತಿಗೆ ಬಂಗಡೆ ಸಾರು ಮೊದಲು ನನ್ನ ತಟ್ಟೆಗೇ ಬಡಿಸಿದಳು. ನನಗೇ ಮೊದಲು! ತಿಮ್ಮಿ ಫೋನು ಮಾಡಿದಾಗಲೆಲ್ಲ, ನಕಲು ಇನ್ನೂ ಬಂದಿಲ್ಲ ಅಂದೆ. ಆ ಬಾಯಿಂದಲೇ ಅಂದೆ, ಸಾರು ಉಂಡ ಬಾಯಿಂದ.

ಮೂವತ್ತೊಂದನೇ ದಿನ ಬೆಳಿಗ್ಗೆ ದಾಸನೇ ಬಸ್ಸು ಹತ್ತಿಸಿದ. ಟಿಕೇಟು ನೋಡಿದರೆ, ಆ ದಿನದ್ದನ್ನೇ ನನ್ನನ್ನು ಕರೆಯಲು ಬರುವ ಮುಂಚೆಯೇ ತೆಗೆಸಿಟ್ಟಿದ್ದ. ಆಮೇಲೆ ಒಂದು ಫೋನೂ ಎತ್ತಲಿಲ್ಲ.

ಬೈಯುವುದಿದ್ದರೆ ಬೈ ದಿವ್ಯಾ. ಕೋರ್ಟಿನಲ್ಲಿ ಇದನ್ನು ಓದಿದಾಗ ತಿಮ್ಮಿಯೂ ಕೇಳಿಯೇ ಕೇಳುತ್ತಾಳೆ.

ಪೆನ್ನು ತಗೋ. ಕಾಮಾಲೆ ಹೊಡೆದುಹಾಕು. "ಗಣಪಿ ಎಂಬ ನಾನು, ಅಣ್ಣ ಕರೆದನೆಂದು ಹೋಗಿ, ನಕಲನ್ನು ಬಚ್ಚಿಟ್ಟು…" ಬರಿ ಮಗಾ. ತಂಗಿಗೆ ಇದ್ಯಾವುದೂ ಗೊತ್ತಿರಲಿಲ್ಲ ಅಂತ ಬರಿ, ಅವಳ ಅಪೀಲಾದರೂ ಉಳಿಯಲಿ. ಅದನ್ನು ಮೊದಲು ಬರಿ.