ಹಿತ್ತಿಲ ಗೇಟು, ಕೆಂಪು ಟೋಪಿ

ಹೇಳಿಕೆ ಕೊಡುತ್ತಿರುವ ನಾನು ಪರದೆ ಹೊಲಿಯುವವಳು. ಪರದೆಯಕ್ಕ ಎಂದರೆ ಪೇಟೆಯಲ್ಲಿ ಯಾರಾದರೂ ಮನೆ ತೋರಿಸುತ್ತಾರೆ. ವಯಸ್ಸು 54. ವಾಸ, ನದಿ ರಸ್ತೆಯ ಎಡಬದಿಯ ಕೊನೆಯ ಮನೆ. ಅಲ್ಲಿಂದಾಚೆ ರಸ್ತೆ ಇಲ್ಲ. ಈ ದಿನ ಬೆಳಿಗ್ಗೆ 10-30ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನದಿ ದಾರಿ ಕಚೇರಿಯ ಅಧಿಕಾರಿಗಳು ನನ್ನ ಮೇಲೆ ದೂರು ಕೊಟ್ಟಿದ್ದಾರೆಂದು ತಿಳಿಯಿತು. ಕಚೇರಿಯ ಕಂಬ ಕಿತ್ತಿದ್ದೇನೆ, ಅವರ ಮೇಜಿನ ಗಾಜು ಒಡೆದಿದ್ದೇನೆ ಎಂಬುದು ದೂರು. ಎರಡೂ ನಿಜ. ಹಾರೆ ಹಾಕಿ ಕಿತ್ತವಳು ನಾನೇ, ಹೊತ್ತುಕೊಂಡು ಹೋದವಳೂ ನಾನೇ. ಆದರೆ ಅದು ಸೋಮವಾರದ ಮಾತು. ಹಿಂದೆ ನಡೆದದ್ದನ್ನು ಬಿಟ್ಟು ಸೋಮವಾರವನ್ನು ಮಾತ್ರ ಬರೆದುಕೊಂಡರೆ ಸಹಿ ಹಾಕುವುದಿಲ್ಲ ಎಂದು ಠಾಣೆಯ ಬರಹಗಾರರಿಗೆ ಹೇಳಿದೆ. ಅವರು ಕುರ್ಚಿ ಎಳೆದುಕೊಟ್ಟು, ಆಯ್ತಮ್ಮ, ಮೊದಲಿಂದಾನೇ ಹೇಳಿ, ಆದರೆ ಕೂಗಬೇಡಿ ಎಂದರು.

ಮನೆಯಲ್ಲಿ ಇರುವುದು ನಾನು ಮತ್ತು ನನ್ನ ಅಕ್ಕ. ಅಕ್ಕನಿಗೆ 67. ಅವಳು ಚಿಕ್ಕ ಮಕ್ಕಳ ಶಾಲೆಯಲ್ಲಿ ಆಯಾ ಆಗಿದ್ದಳು. ಶಾಲೆಯ ಓಣಿ ಇಕ್ಕಟ್ಟಾದ್ದರಿಂದ ಬಸ್ಸು ದೊಡ್ಡ ರಸ್ತೆಯಲ್ಲೇ ನಿಲ್ಲುತ್ತಿತ್ತು. ಮಕ್ಕಳನ್ನು ಸಾಲಾಗಿ ಅಲ್ಲಿಗೆ ನಡೆಸಿಕೊಂಡು ಹೋಗಬೇಕು. ಮುಂದೆ ಟೀಚರು, ಎಲ್ಲರಿಗಿಂತ ಹಿಂದೆ ಅಕ್ಕ. ಅದಕ್ಕೇ ಮಕ್ಕಳು ಅವಳಿಗೆ ಬಾಲದಕ್ಕ ಎಂದು ಹೆಸರಿಟ್ಟಿದ್ದರು. ರಸ್ತೆ ದಾಟುವಲ್ಲಿ ಕೊಡೆ ಎತ್ತಿ ಹಿಡಿದು ಗಾಡಿಗಳನ್ನು ನಿಲ್ಲಿಸುವಳು. ಮಕ್ಕಳ ಹೆಸರು ಅವಳಿಗೆ ನೆನಪಿರುತ್ತಿರಲಿಲ್ಲ, ಹಸಿರು ಚೀಲದವನು, ಹಳದಿ ರಿಬ್ಬನ್ನಿನವಳು ಎಂದೇ ಲೆಕ್ಕ. ಕೊನೆಯ ಮಗು ಹತ್ತಿದ ಮೇಲೆ ಅವಳು ಬಾಲ ಬಂತು ಎಂದು ಕೂಗಬೇಕು, ಆಮೇಲೆ ಡ್ರೈವರ್ ಬಾಗಿಲು ಹಾಕಬೇಕು. ಆ ಕೂಗು ಕೇಳದೆ ಬಸ್ಸು ಹೊರಟದ್ದಿಲ್ಲ.

ಕೆಲಸ ಬಿಟ್ಟ ಕೆಲವು ವರ್ಷಗಳಲ್ಲಿ ಅವಳ ನೆನಪು ಕೈಕೊಟ್ಟಿತು. ಈಗ ನನ್ನನ್ನೂ ಒಮ್ಮೊಮ್ಮೆ ಟೀಚರ್ ಎನ್ನುತ್ತಾಳೆ. ಆದರೆ ಬೆನ್ನಿಗೆ ಚೀಲ ಹಾಕಿಕೊಂಡವರು ಸಾಲಾಗಿ ಹೋಗುವುದನ್ನು ಕಂಡರೆ ಕೊಡೆ ತೆಗೆದುಕೊಂಡು ಎದ್ದುಬಿಡುತ್ತಾಳೆ. ಅದಕ್ಕಾಗಿಯೇ ಹಿತ್ತಿಲ ಗೇಟಿಗೆ ಅವಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಚಿಲಕ ಹಾಕಿಸಿದ್ದೆ.

ನದಿ ಹುಟ್ಟುವ ಗುಡ್ಡದಿಂದ ಸಮುದ್ರದವರೆಗೆ ದಡದುದ್ದಕ್ಕೂ ಚಾರಣದ ದಾರಿ ಮಾಡುತ್ತಾರೆ, ಜನ ಚೀಲ ಹೊತ್ತು ವಾರಗಟ್ಟಲೆ ನಡೆಯುತ್ತಾರೆ ಎಂಬ ಸುದ್ದಿ ಹೋದ ವರ್ಷ ಬಂತು. ಒಳ್ಳೆಯದೇ ಅಂದುಕೊಂಡೆ. ನಡೆಯುವವರ ಮೇಲೆ ನನಗೇನೂ ಹಗೆಯಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ ಆ ಕಚೇರಿಯ ಸರ್ವೇಯವರೊಬ್ಬರು ಬಂದು ಕುಡಿಯಲು ನೀರು ಕೇಳಿದರು. ಕೊಟ್ಟೆ. ಶೌಚಾಲಯ ಎಲ್ಲಿ ಎಂದರು. ತೋರಿಸಿದೆ. ದಡಕ್ಕೆ ಇಳಿಯುವುದು ಹೇಗೆ ಎಂದರು. ಪಕ್ಕದ ಮರದ ಮಿಲ್ಲನ್ನು ಬಳಸಿಕೊಂಡು ಕಾಲುದಾರಿ ಇದೆ, 300 ಮೀಟರು. ಬಿಸಿಲಲ್ಲಿ ಪಾಪ ಎಂದುಕೊಂಡು ಅಡುಗೆಮನೆಯ ಮೂಲಕ ಹಿತ್ತಿಲಿಗೆ ಬಿಟ್ಟು ಗೇಟು ತೆರೆದುಕೊಟ್ಟೆ. ಅವರ ಸೊಂಟದಲ್ಲಿ, ನಡೆದ ಜಾಡನ್ನು ತಾನೇ ಗುರುತಿಟ್ಟುಕೊಳ್ಳುವ ಯಂತ್ರವಿತ್ತು. ಪುಣ್ಯಾತ್ಮ ಅದನ್ನು ಆರಿಸಿರಲಿಲ್ಲ.

ದಾರಿ ಉದ್ಘಾಟನೆಯಾದ ಮರುವಾರ ಚೀಲ ಹೊತ್ತ ನಾಲ್ವರು ನಮ್ಮ ಮುಂಬಾಗಿಲು ಬಡಿದರು. ಇದೇ ದಾರಿ ಅಲ್ವಾ ಆಂಟಿ ಎಂದು ಮೊಬೈಲು ತೋರಿಸಿದರು. ನಕ್ಷೆಯ ನೀಲಿ ಗೆರೆ ನಮ್ಮ ಮುಂಬಾಗಿಲಿನಿಂದ ಒಳಗೆ ಬಂದು, ಶೌಚಾಲಯದವರೆಗೆ ಹೋಗಿ ತಿರುಗಿ, ಅಡುಗೆಮನೆ ದಾಟಿ ಹಿತ್ತಿಲ ಗೇಟಿನಿಂದ ಹೊರಗೆ ಹೋಗಿತ್ತು. ಪಕ್ಕದಲ್ಲಿ ನಲ್ಲಿಯ ಚಿತ್ರ, ಕುಡಿಯುವ ನೀರು ಲಭ್ಯ ಎಂಬ ಬರಹ. ಆ ದಿನ ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕಿದ್ದು ನೋಡಿ ಅಕ್ಕನೂ ನಕ್ಕಳು.

ಆಮೇಲೆ ನಗು ಬರಲಿಲ್ಲ. ಬೆಳಿಗ್ಗೆ ಒಂದು ಗುಂಪು, ಮಧ್ಯಾಹ್ನ ಇನ್ನೊಂದು. ಮನೆಯೊಳಗೆ ಬಿಡಲಾರದೆ, ಮನೆಯ ಪಕ್ಕದ ಸಂದಿಯಲ್ಲಿ ಹಾದು ಹಿತ್ತಿಲಿಗೆ ಹೋಗಿ ಎಂದೆ. ಗೇಟು ಹಾಕಿಕೊಂಡು ಹೋಗಿ ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದೆ. ಕೆಲವರು ಹಾಕುತ್ತಿದ್ದರು. ಕೆಲವರು ಹಿಂದೆ ಬರುವವರಿಗೆ ಅನುಕೂಲವಾಗಲಿ ಎಂದು ಕಲ್ಲು ಇಟ್ಟು ತೆರೆದೇ ಬಿಡುತ್ತಿದ್ದರು. ಒಮ್ಮೆ ಅಕ್ಕ ಮಿಲ್ಲಿನವರೆಗೆ ಹೋಗಿಬಿಟ್ಟಿದ್ದಳು, ಮಿಲ್ಲಿನ ಕಾವಲುಗಾರ ಕೈಹಿಡಿದು ಕರೆತಂದ.

ನಾನು ಮೂರು ಸಲ ನದಿ ದಾರಿ ಕಚೇರಿಗೆ ಹೋದೆ. ಮೊದಲ ಸಲ ಅಧಿಕಾರಿಗಳು ಚಹಾ ತರಿಸಿಕೊಟ್ಟರು. ಎರಡನೆಯ ಸಲ ನಕ್ಷೆಯನ್ನು ದೊಡ್ಡದು ಮಾಡಿ ನೋಡಿ, ಹೌದಲ್ರೀ, ಬಾತ್‌ರೂಮಿಗೂ ಹೋಗಿ ಬಂದಿದೆ ಎಂದು ಪಕ್ಕದವರಿಗೆ ತೋರಿಸಿ ನಕ್ಕರು. ಗೆರೆಯನ್ನು ಮಿಲ್ಲಿನ ಆಚೆ ಸರಿಸಿ ಎಂದೆ. ಮೂರನೆಯ ಸಲ ಹೇಳಿದ್ದೇನೆಂದರೆ, ನೋಡಿಮ್ಮ, ದಾರಿಯ ಒಟ್ಟು ಉದ್ದ ಮೇಲಿನಿಂದ ಮಂಜೂರಾಗಿದೆ, ನದಿ ಹುಟ್ಟುವ ಜಾಗದಲ್ಲಿ ಕಲ್ಲಿನ ಮೇಲೆ ಕೆತ್ತಿಸಿಯೂ ಆಗಿದೆ, ನಿಮ್ಮ ಒಂದು ಮನೆಗೋಸ್ಕರ 300 ಮೀಟರ್ ಸೇರಿಸಿದರೆ ಕಲ್ಲೇ ಸುಳ್ಳಾಗುತ್ತೆ. ನನ್ನ ಅಕ್ಕನಿಗೆ ನೆನಪಿಲ್ಲ, ಗೇಟು ತೆರೆದಿದ್ದರೆ ಹೋಗಿಬಿಡುತ್ತಾಳೆ ಎಂದು ನಾನು ಬಿಡಿಸಿ ಹೇಳಿದೆ. ಹಾಗಾದರೆ ನೀವು ಅವರ ಮೇಲೆ ಸ್ವಲ್ಪ ಕಣ್ಣಿಡಬೇಕಮ್ಮ ಎಂದರು. ಇಪ್ಪತ್ತನಾಲ್ಕು ಗಂಟೆಯೂ ಅವಳ ಮೇಲೆ ಕಣ್ಣಿಟ್ಟೇ ಬದುಕುತ್ತಿರುವವಳಿಗೆ ಈ ಬುದ್ಧಿಮಾತು. ಗೋಡೆಗೆ ತಲೆ ಚಚ್ಚಿಕೊಂಡ ಹಾಗಾಯಿತು. ಮರುವಾರ ನಾನು ಪರದೆ ಕೊಡಲು ಪೇಟೆಗೆ ಹೋಗಿದ್ದಾಗ ಅವರ ಕೆಲಸದವರು ಬಂದು ನಮ್ಮ ಹಿತ್ತಿಲಲ್ಲೇ ನೀಲಿ ಬಾಣದ ಕಂಬ ನೆಟ್ಟು ಹೋದರು. ಕೇಳಿದ್ದು ಯಾರನ್ನು? ಅಕ್ಕನನ್ನು. ಅವಳು ಆಗಲಿ ಎಂದಳಂತೆ.

ಕಳೆದ ಶುಕ್ರವಾರ ಬೆಳಿಗ್ಗೆ 9-20ರ ಸುಮಾರಿಗೆ ದೊಡ್ಡ ಗುಂಪೊಂದು ಬಂತು. ಅಕ್ಕ ಹಿತ್ತಿಲ ಬೆಂಚಿನ ಮೇಲೆ ಕೂತಿದ್ದಳು. ನಾನು ಅವರ ಬಾಟಲಿಗಳಿಗೆ ನೀರು ತುಂಬಿಸಿದೆ. ಗೇಟು ಹಾಕಿಕೊಂಡು ಹೋಗಿ ಎಂದು ಬಾಯಿಬಿಟ್ಟು ಹೇಳಿದೆ. ಖಂಡಿತಾ ಆಂಟಿ ಎಂದರು. ಅವರಲ್ಲಿ ಕೆಂಪು ಟೋಪಿ ಹಾಕಿದ್ದ ಒಬ್ಬ, ಸುಮಾರು ಮೂವತ್ತು ವರ್ಷದವನು, ಅಕ್ಕನಿಗೆ ನಮಸ್ಕಾರ ಹೇಳಿದ. ನಾನು ಒಳಗೆ ಹೋಗಿ ಮಿಷನ್ನಿಗೆ ಕೂತೆ. ಮದುವೆ ಹಾಲಿನ ಪರದೆ, ಒಂದೇ ಉದ್ದದ ಹೊಲಿಗೆ, ನಡುವೆ ನಿಲ್ಲಿಸುವಂತಿಲ್ಲ. ಅದು ಮುಗಿಸಿ ಎದ್ದು ನೋಡಿದರೆ ಬೆಂಚು ಖಾಲಿ. ಗೇಟು ಹಾರುಹೊಡೆದಿತ್ತು. ಕೊಡೆ ಇರಲಿಲ್ಲ.

ಇಲ್ಲಿ ಬರಹಗಾರರು ಗೇಟು ಆಕಸ್ಮಿಕವಾಗಿ ತೆರೆದಿದ್ದು ಎಂದು ಬರೆದರು. ಆ ಪದವನ್ನು ಹೊಡೆದುಹಾಕಿಸಿದ್ದೇನೆ. ಮೂರು ಸಲ ಹೋಗಿ ಹೇಳಿ ಬಂದ ಮೇಲೆ ನಡೆದದ್ದು ಆಕಸ್ಮಿಕ ಹೇಗಾಗುತ್ತದೆ?

ಮಿಲ್ಲಿನ ಕಡೆ ಓಡಿದೆ. ಪೇಟೆಯ ಕಡೆ ಓಡಿದೆ. ಮಿಲ್ಲಿನ ಕಾವಲುಗಾರ ಸೈಕಲ್ಲಿನಲ್ಲಿ ದಡದ ಮೇಲ್ಮುಖವಾಗಿ ಹುಡುಕಿದ, ನಾನು ಕೆಳಮುಖವಾಗಿ ನಡೆದೆ. ಸಂಜೆ 4-45ಕ್ಕೆ ದೋಣಿಕಟ್ಟೆಯ ದೋಣಿಯವನಿಂದ ಫೋನು ಬಂತು, ಅಕ್ಕನ ಕೊಡೆಯ ಮೇಲೆ ನನ್ನ ನಂಬರು ಬರೆದಿಟ್ಟಿದ್ದೆ. ದೋಣಿಕಟ್ಟೆ ನಮ್ಮ ಮನೆಯಿಂದ 5 ಕಿಲೋಮೀಟರು. ಅದಕ್ಕಿಂತ ಸ್ವಲ್ಪ ಈಚೆ, ದಡ ಕುಸಿದ ಜಾಗದಲ್ಲಿ, ಕೆಳಗೆ ಕಲ್ಲುಗಳ ನಡುವೆ ಅಕ್ಕ ಬಿದ್ದಿದ್ದಳು. ತೊಡೆಯ ಮೂಳೆ ಮುರಿದಿತ್ತು. ಬಿಸಿಲಿಗೆ ತುಟಿ ಒಡೆದಿತ್ತು. ಹತ್ತಿರದಲ್ಲೇ ನಾನು ಎರಡು ಸಲ ಅವಳ ಹೆಸರು ಕೂಗಿಕೊಂಡು ಹಾದುಹೋಗಿದ್ದೆ. ಬಾಲದಕ್ಕ ಎಂದು ಕೂಗಿದ್ದರೆ ಓಗೊಡುತ್ತಿದ್ದಳೋ ಏನೋ, ನನಗೆ ಆಗ ಹೊಳೆಯಲಿಲ್ಲ.

ನಡೆದದ್ದು ಏನೆಂದು ಆಮೇಲೆ ದೋಣಿಯವನಿಂದಲೂ ಗುಂಪಿನ ಮುಖಂಡರಿಂದಲೂ ತಿಳಿಯಿತು. ಮುಖಂಡರ ಫೋನ್ ನಂಬರು ದೋಣಿಯವನ ಹತ್ತಿರ ಇತ್ತು. ಅವರು ಫೋನಿನಲ್ಲಿ ಹೇಳಿದ್ದೇನೆಂದರೆ, ಆ ಅಮ್ಮ ನಮ್ಮ ಹಿಂದೇನೇ ಬಂದರು, ಮನೆಯೇ ದಾರಿಯ ಮೇಲೆ ಇತ್ತಲ್ಲ, ಕಚೇರಿಯವರೇ ಕೊಟ್ಟ ಗೈಡ್ ಅಂದುಕೊಂಡ್ವಿ, ಯಾರಾದರೂ ಹಿಂದೆ ಉಳಿದರೆ ನಿಂತು ಕಾಯುತ್ತಿದ್ದರು, ತುಂಬಾ ಒಳ್ಳೆಯವರು. ಕೆಂಪು ಟೋಪಿಯವನು ಫೋಟೋ ತೆಗೆಯುತ್ತ ಪದೇ ಪದೇ ಹಿಂದೆ ಬೀಳುತ್ತಿದ್ದನಂತೆ. ದೋಣಿಕಟ್ಟೆಯಲ್ಲಿ ಮುಖಂಡರು ತಮ್ಮವರನ್ನೆಲ್ಲ ಎಣಿಸಿದರಂತೆ. ಸರಿಯಾಗಿ ಇದ್ದರಂತೆ. ದೋಣಿ ಹೊರಟಿತು. ಅಕ್ಕನನ್ನು ಎಣಿಸುವವರು ಯಾರೂ ಇರಲಿಲ್ಲ.

ಅಕ್ಕ ದಡದಲ್ಲಿ ನಿಂತು ಕೊಡೆ ಎತ್ತಿ ಹಿಡಿದಳಂತೆ. ದೋಣಿಯವನು ಬೀಳ್ಕೊಡುತ್ತಿದ್ದಾರೆ ಅಂದುಕೊಂಡ. ದೋಣಿಯಲ್ಲಿದ್ದವರೆಲ್ಲ ಅವಳಿಗೆ ಕೈಬೀಸಿದರು. ಅವಳು ಕೊಡೆ ಇಳಿಸಲೇ ಇಲ್ಲವಂತೆ. ಅದರ ಅರ್ಥ ನನಗೆ ಗೊತ್ತು, ಅವಳು ಬಸ್ಸು ನಿಲ್ಲಿಸುತ್ತಿದ್ದಳು. ಅವಳ ಲೆಕ್ಕದಲ್ಲಿ ಒಬ್ಬ ಕಡಿಮೆ ಇದ್ದ. ಗಾಳಿಗೆ ಹಾರಿಹೋದೀತೆಂದು ಆ ಮನುಷ್ಯ ಕೆಂಪು ಟೋಪಿಯನ್ನು ತೆಗೆದು ಚೀಲದೊಳಗೆ ಹಾಕಿಕೊಂಡಿದ್ದ. ಬರಿತಲೆಯಲ್ಲಿ ಕೂತು ಅವನೂ ಕೈಬೀಸುತ್ತಿದ್ದ. ದೋಣಿ ದೂರ ಹೋದ ಮೇಲೆ ಅಕ್ಕ ಅವನನ್ನು ಹುಡುಕಲು ಬಂದ ದಾರಿಯಲ್ಲೇ ಹಿಂದಿರುಗಿ, ಕುಸಿದ ದಡದ ಅಂಚಿಗೆ ಹೋಗಿ ಬಗ್ಗಿ ನೋಡಿದ್ದಾಳೆ. ಎತ್ತಲು ಹೋದ ದೋಣಿಯವನಿಗೆ ಅವಳು ಹೇಳಿದ ಮೊದಲ ಮಾತು, ನನ್ನನ್ನ ಬಿಡಪ್ಪ, ಕೆಂಪು ಟೋಪಿ ಹುಡುಗ ಸಿಕ್ಕಿದ್ನಾ ನೋಡು, ಎಂದು.

ಅಕ್ಕ ಈಗ ದೊಡ್ಡ ಆಸ್ಪತ್ರೆಯಲ್ಲಿದ್ದಾಳೆ. ಕಾಲಿಗೆ ತೂಕ ಕಟ್ಟಿದ್ದಾರೆ. ಅಲುಗಾಡದೆ ಮಲಗಿದರೆ ಮೂಳೆ ಕೂಡೀತು, ಇಲ್ಲವಾದರೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಅವಳು ಮಲಗುತ್ತಿಲ್ಲ. ಹುಡುಗನನ್ನು ಬಿಟ್ಟು ಬಂದಿದ್ದೇನೆ, ಗೇಟು ಹಾಕಬೇಡಿ ಎಂದು ಏಳಲು ಹೋಗುತ್ತಾಳೆ. ಅದಕ್ಕೆ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದಾರೆ. ಆಸ್ಪತ್ರೆಯ ಪಟ್ಟಿ ಮಣಿಕಟ್ಟಿನಲ್ಲಿ ಕೊರೆದು ಗಾಯವಾಯಿತು. ಭಾನುವಾರ ನಾನು ಪರದೆಯ ಅಸ್ತರಿನ ಮೆತ್ತನೆ ಬಟ್ಟೆಯಲ್ಲಿ ಎರಡು ಪಟ್ಟಿ ಹೊಲಿದು ತೆಗೆದುಕೊಂಡು ಹೋಗಿ ಕೊಟ್ಟೆ. ಒಡಹುಟ್ಟಿದವಳನ್ನು ಕಟ್ಟಿಹಾಕಲು ಪಟ್ಟಿ ಹೊಲಿದ ಕೈ ಇದು. ಇದನ್ನೂ ಬರೆದುಕೊಳ್ಳಿ ಎಂದು ಕೇಳಿಕೊಂಡಿದ್ದೇನೆ.

ಸೋಮವಾರ ಬೆಳಿಗ್ಗೆ 11 ಗಂಟೆಗೆ ಕಚೇರಿಗೆ ಹೋಗಿ ನಡೆದದ್ದನ್ನೆಲ್ಲ ಅಧಿಕಾರಿಗಳಿಗೆ ಹೇಳಿದೆ. ಛೆ ಛೆ ಎಂದರು. ಇನ್ನಾದರೂ ಗೆರೆ ಸರಿಸಿ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕುತ್ತ, ಬೇಜಾರು ಮಾಡ್ಕೋಬೇಡಿ, ಆದರೆ ಇನ್ನು ಅವರು ಎದ್ದು ಓಡಾಡೋ ಹಾಗಿಲ್ಲವಲ್ಲ, ಗೇಟಿನ ಸಮಸ್ಯೆ ಒಂಥರಾ ಮುಗೀತಲ್ಲ ಎಂದರು.

ನಾನು ಮನೆಗೆ ಬಂದೆ. ಮಿಲ್ಲಿನಿಂದ ಹಾರೆ ತಂದು ಕಂಬವನ್ನು ಮೀಟಿ ಕಿತ್ತೆ. ಬಾಡಿಗೆ ಗಾಡಿಯಲ್ಲಿ ಹಾಕಿಕೊಂಡು ಹೋಗಿ, ಎರಡನೆಯ ಮಹಡಿಗೆ ಹೊತ್ತು, ಬುಡದ ಮಣ್ಣಿನ ಸಮೇತ ಅವರ ಮೇಜಿನ ಮೇಲೆ ಹಾಕಿದೆ. ಗಾಜು ಒಡೆಯಿತು. ಚೂರು ತಾಗಿ ಅವರ ಬೆರಳಿನಿಂದ ರಕ್ತ ಬಂತು. ಬೆರಳಿನ ಬಗ್ಗೆ ನನಗೆ ಬೇಸರವಿದೆ. ಗಾಜಿನ ಬಗ್ಗೆ ಇಲ್ಲ. ನೀವು ಹೇಳಿದ ಮಾತನ್ನು ಆಸ್ಪತ್ರೆಗೆ ಬಂದು ಅವಳ ಮುಖ ನೋಡಿ ಹೇಳಿ ಎಂದೆ. ಅವರು ಪೊಲೀಸರಿಗೆ ಫೋನು ಮಾಡಿದರು.

ಆದ್ದರಿಂದ ಆ ಅಧಿಕಾರಿಗಳ ಮೇಲೆ ನನ್ನ ದೂರನ್ನೂ ದಾಖಲು ಮಾಡಿಕೊಳ್ಳಬೇಕು. ಕಂಬಕ್ಕೂ ಗಾಜಿಗೂ ಕಾನೂನಿನಲ್ಲಿ ಏನಿದೆಯೋ ಅದನ್ನು ನನಗೆ ಮಾಡಿ, ನಾನು ತಪ್ಪಿಸಿಕೊಳ್ಳುವುದಿಲ್ಲ. ಗೆರೆ ಸರಿಸದಿದ್ದರೆ ಹಿತ್ತಿಲ ಗೇಟಿನ ಜಾಗಕ್ಕೆ ಗೋಡೆ ಕಟ್ಟುತ್ತೇನೆ ಎಂಬುದನ್ನೂ ಈಗಲೇ ತಿಳಿಸಿದ್ದೇನೆ. ಬಾಯಾರಿದವರಿಗೆ ನೀರು ಕಿಟಕಿಯಲ್ಲಿ ಕೊಡುತ್ತೇನೆ.

ಇನ್ನೊಂದು ಕೋರಿಕೆ. ಆ ಗುಂಪು ಈಗಲೂ ನಡೆಯುತ್ತಿದೆ. ಸಮುದ್ರ ಮುಟ್ಟಿದ ಮೇಲೆ ಬಂದು ನೋಡುತ್ತೇವೆ ಎಂದು ಮುಖಂಡರು ಹೇಳಿದರು. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ. ನಾನು ಕರೆದರೆ ಬರಲಿಲ್ಲ, ಪೊಲೀಸರು ಕರೆದರೆ ಬಂದಾರು. ಕೆಂಪು ಟೋಪಿಯವನ ಮೇಲೆ ನನ್ನ ದೂರಿಲ್ಲ, ಅವನನ್ನು ಬೈಯುವುದೂ ಇಲ್ಲ. ಒಂದು ಸಲ ಆಸ್ಪತ್ರೆಗೆ ಬಂದು ಅಕ್ಕನ ಮಂಚದ ಮುಂದೆ ನಿಂತರೆ ಸಾಕು. ಅವನು ಕಾಣಿಸಿದರೆ ಅವಳು ಬಾಲ ಬಂತು ಎನ್ನುತ್ತಾಳೆ, ಆಮೇಲೆ ಮಲಗುತ್ತಾಳೆ, ಕೈ ಬಿಚ್ಚಬಹುದು. ಟೋಪಿಯನ್ನು ಮಾತ್ರ ಚೀಲದಲ್ಲಿ ಇಟ್ಟುಕೊಂಡು ಬರಬಾರದು, ತಲೆಯ ಮೇಲೆ ಹಾಕಿಕೊಂಡೇ ಬರಬೇಕು. ರೋಗಿಗಳನ್ನು ನೋಡಲು ಬಿಡುವ ಹೊತ್ತು ಸಂಜೆ 4ರಿಂದ 6.

ಬರೆದದ್ದನ್ನು ಬರಹಗಾರರು ನನಗೆ ಓದಿ ಹೇಳಿದರು, ನಾನೂ ಒಮ್ಮೆ ಓದಿಕೊಂಡೆ. ಒಂದು ಪದ ಹೊಡೆದದ್ದು ಬಿಟ್ಟರೆ ಎಲ್ಲವೂ ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಠಾಣೆಯ ಬರಹಗಾರರ ಕೊಠಡಿ
ದಿನ: ಬುಧವಾರ, ಮಧ್ಯಾಹ್ನ 12-15
ಸಹಿ: (ಪರದೆಯಕ್ಕ)